ಕೊಡುವ ಮೊದಲಿನ ದಿನಗಳು

ಮದುವೆಯ ಕರೆಯೋಲೆಗಳ ಕೊನೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲನ್ನು ಅಚ್ಚು ಹಾಕಿಸುವುದು ಈಗ ರೂಢಿಯಾಗಿಬಿಟ್ಟಿದೆ. ಅದನ್ನು ಓದಿಯೂ ಬರಿಗೈಯಲ್ಲಿ ಹೋಗುವವರು ತೀರ ಕಡಿಮೆ. ಲಕೋಟೆಯೊಳಗೆ ಐನೂರೊಂದೋ ಸಾವಿರದೊಂದೋ ಇಟ್ಟು, ಮೇಲೆ ಹೆಸರು ಬರೆದು, ವೇದಿಕೆಯ ಪಕ್ಕದ ಸಾಲಿನಲ್ಲಿ ಬೆವರುತ್ತ ನಿಂತು, ವಧೂವರರ ಕೈಗೆ ಅದನ್ನು ದಾಟಿಸಿ, ಒಂದು ಫೋಟೋ ತೆಗೆಸಿಕೊಂಡು ಊಟದ ಪಂಕ್ತಿಯ ಕಡೆಗೆ ನಡೆಯುತ್ತೇವೆ. ಕೊಟ್ಟೆವೆಂಬ ಸಮಾಧಾನ ಅದರಲ್ಲಿರುತ್ತದೆ. ಸಂತೋಷ ಇರುತ್ತದೆಯೇ ಎಂದು ಕೇಳಿದರೆ ನಾನು ಸುಮ್ಮನಾಗುತ್ತೇನೆ.

ಹಾಗೆಂದು ಆ ಲಕೋಟೆಯನ್ನು ಹಗುರವಾಗಿ ಕಾಣುವುದಕ್ಕೂ ನನಗೆ ಮನಸ್ಸಿಲ್ಲ. ನಮ್ಮ ಧಾರವಾಡದ ಕಡೆ ಆಯೇರಿ ಎಂದೂ ಹಳೆಯ ಮೈಸೂರಿನ ಕಡೆ ಮುಯ್ಯಿ ಎಂದೂ ಕರೆಯುವ ಈ ಪದ್ಧತಿಯಲ್ಲಿ, ಹಂದರದ ಒಂದು ಬದಿಗೆ ನೋಟ್‌ಬುಕ್ಕು ಹಿಡಿದು ಕುಳಿತ ಹಿರಿಯರೊಬ್ಬರು ಯಾರು ಎಷ್ಟು ಕೊಟ್ಟರು, ಯಾರು ಪಾತ್ರೆ ಕೊಟ್ಟರು, ಯಾರು ಸೀರೆ ಕೊಟ್ಟರು ಎಂಬುದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮದುವೆ ಮುಗಿದ ಮೇಲೆ ಆ ಪುಸ್ತಕ ಟ್ರಂಕಿನ ತಳ ಸೇರಿ, ಮುಂದೆ ಆ ಮನೆಗಳಲ್ಲಿ ಶುಭಕಾರ್ಯ ಬಂದಾಗ ಹೊರಗೆ ಬರುತ್ತಿತ್ತು. ಬ್ಯಾಂಕು ಸಾಲ ಕೊಡದಿದ್ದ ಕಾಲದಲ್ಲಿ ಒಂದು ಮನೆಯ ಮದುವೆಯ ಭಾರವನ್ನು ಇಡೀ ಊರು ಬಡ್ಡಿಯಿಲ್ಲದೆ ಹೊರುತ್ತಿದ್ದ ವ್ಯವಸ್ಥೆ ಅದು. ಕೊಡುವುದು, ಪಡೆಯುವುದು, ತಿರುಗಿ ಕೊಡುವುದು ಈ ಮೂರೂ ಸಮಾಜ ಮನುಷ್ಯನ ಮೇಲೆ ಹೊರಿಸುವ ಕರ್ತವ್ಯಗಳು ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಬರೆದದ್ದು ದೂರದ ದ್ವೀಪಗಳ ಜನರನ್ನು ಕುರಿತಾದರೂ, ನಮ್ಮ ಆಯೇರಿ ಪುಸ್ತಕದ ಯಾವ ಪುಟವನ್ನು ತೆರೆದರೂ ಆ ಮಾತಿಗೆ ಸಾಕ್ಷಿ ಸಿಗುತ್ತದೆ.

ನಾನು ಹೇಳಹೊರಟಿರುವುದು ಆ ಪುಸ್ತಕದಲ್ಲಿ ಜಾಗ ಸಿಗದ ಕೊಡುಗೆಗಳ ವಿಷಯ. ತಂಗಿಗೆ, ಮಗಳಿಗೆ, ಅಪ್ಪನಿಗೆ, ಬಹುಕಾಲದ ಗೆಳೆಯನಿಗೆ ಕೊಡುವಾಗ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಅಲ್ಲಿ ಸಿಗುವ ಸುಖದ ಬಗ್ಗೆ ನಾನು ಗಮನಿಸಿರುವ ಸಂಗತಿ ಇಷ್ಟು: ಅದರ ಬಹುಪಾಲು ಕೊಡುವ ಗಳಿಗೆಯಲ್ಲಿ ಇರುವುದಿಲ್ಲ. ಏನು ಕೊಡಲಿ ಎಂದು ಯೋಚಿಸುತ್ತ, ಹುಡುಕುತ್ತ, ಮಾಡಿಸುತ್ತ, ಕಾಯುತ್ತ ಕಳೆದ ದಿನಗಳಲ್ಲೇ ಅದು ಬಹುಮಟ್ಟಿಗೆ ಖರ್ಚಾಗಿರುತ್ತದೆ. ಆ ದಿನಗಳಲ್ಲಿ ಆ ವ್ಯಕ್ತಿ ನಮ್ಮ ಮನಸ್ಸಿನಲ್ಲಿ ಬೇರೆ ಯಾವ ಕಾಲದಲ್ಲೂ ಇಲ್ಲದಷ್ಟು ಇರುತ್ತಾರೆ. ಆಕೆಗೆ ಯಾವ ಬಣ್ಣ ಇಷ್ಟ, ಅವನ ಕೈ ಇತ್ತೀಚೆಗೆ ನಡುಗುತ್ತದೆಯೇ, ಆ ಮನೆಯಲ್ಲಿ ಇನ್ನೊಂದು ಕಪಾಟಿಗೆ ಜಾಗವಿದೆಯೇ ಎಂಬಂಥ, ಸುಮ್ಮನೆ ಕುಳಿತಾಗ ಎಂದೂ ಹೊಳೆಯದ ಪ್ರಶ್ನೆಗಳು ಆಗ ಹೊಳೆಯುತ್ತವೆ.

ಕೊಡುವುದರ ಸುಖವನ್ನು ಅಳೆಯಲು ಹೊರಟ ಮನಃಶಾಸ್ತ್ರಜ್ಞರೂ ಇದ್ದಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಎಲಿಜಬೆತ್ ಡನ್ ಮತ್ತು ಸಂಗಡಿಗರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬೆಳಿಗ್ಗೆ ಕೆಲವರಿಗೆ 5 ಡಾಲರ್, ಇನ್ನು ಕೆಲವರಿಗೆ 20 ಡಾಲರ್ ಕೊಟ್ಟು, ಸಂಜೆ ಐದರೊಳಗೆ ಅರ್ಧದಷ್ಟು ಜನ ತಮಗಾಗಿಯೂ ಉಳಿದವರು ಬೇರೆಯವರಿಗಾಗಿಯೂ ಅದನ್ನು ಖರ್ಚು ಮಾಡಬೇಕೆಂದು ಹೇಳಲಾಗಿತ್ತು. ಸಂಜೆ ವಿಚಾರಿಸಿದಾಗ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. ಹಣ 5 ಡಾಲರ್ ಆಗಿತ್ತೋ 20 ಡಾಲರ್ ಆಗಿತ್ತೋ ಎಂಬುದರಿಂದ ವ್ಯತ್ಯಾಸವೇನೂ ಆಗಿರಲಿಲ್ಲ. ಫಲಿತಾಂಶವನ್ನು ಮೊದಲೇ ಊಹಿಸಿ ಎಂದು ಕೇಳಿದಾಗ, ತಮಗಾಗಿ 20 ಡಾಲರ್ ಖರ್ಚು ಮಾಡುವವರೇ ಹೆಚ್ಚು ಸುಖಿಗಳೆಂದು ಜನ ಭಾವಿಸಿದ್ದರಂತೆ. ಒಂದು ದಿನದ ಪ್ರಯೋಗದಿಂದ ಇಷ್ಟು ತಿಳಿಯುತ್ತದೆ. ತಿಂಗಳುಗಟ್ಟಲೆ ಒಬ್ಬರನ್ನು ನೆನೆಯುತ್ತ ಒಂದು ವಸ್ತುವನ್ನು ಸಿದ್ಧಪಡಿಸುವುದು ಏನೆಂದು ತಿಳಿಯಬೇಕಾದರೆ ಮನೆಗಳ ಒಳಗೇ ನೋಡಬೇಕು.

ನಮ್ಮ ಕಡೆ ಹೆಣ್ಣುಮಗಳ ಚೊಚ್ಚಲ ಹೆರಿಗೆಗೆ ತವರಿನವರು ಸಿದ್ಧಪಡಿಸುವ ವಸ್ತುಗಳನ್ನೇ ತೆಗೆದುಕೊಳ್ಳಿ. ಕಲಘಟಗಿಯ ಬಣ್ಣದ ತೊಟ್ಟಿಲು ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಮರದ ಮೇಲೆ ಅರಗಿನ ಬಣ್ಣ ಕೂಡಿಸಿ, ಬದಿಯ ಹಲಗೆಗಳ ಮೇಲೆ ರಾಮಾಯಣದ್ದೋ ಮಹಾಭಾರತದ್ದೋ ಪ್ರಸಂಗ ಬರೆದು ಮಾಡುವ ಆ ತೊಟ್ಟಿಲನ್ನು ಬೇಕೆಂದ ದಿನ ಅಂಗಡಿಗೆ ಹೋಗಿ ತರುವುದಕ್ಕಾಗುವುದಿಲ್ಲ. ಕುಬಸದ, ಅಂದರೆ ಸೀಮಂತದ, ಮಾತು ಶುರುವಾದ ಕೂಡಲೇ ಹೇಳಿ ಬರಬೇಕು. ನಮ್ಮ ಬಳಗದಲ್ಲಿ ಹೀಗೆ ಮಾಡಿಸಿದ ಒಂದು ತೊಟ್ಟಿಲು ಮನೆಯಿಂದ ಮನೆಗೆ ತಿರುಗುತ್ತಲೇ ಇದೆ; ಯಾವ ಅಜ್ಜ ಅದನ್ನು ಮಾಡಿಸಿದ್ದನೆಂಬುದರ ಬಗ್ಗೆ ಎರಡು ಮನೆಗಳ ನಡುವೆ ಸಣ್ಣದೊಂದು ತಕರಾರೂ ಉಳಿದುಕೊಂಡಿದೆ.

ತೊಟ್ಟಿಲಿಗಿಂತ ಸಣ್ಣವು ಕುಂಚಿಗೆ ಮತ್ತು ಕುಲಾಯಿ. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆಯ ಮೇಲೂ ಪುಟ್ಟ ಟೊಪ್ಪಿಗೆಯಂಥ ಕುಲಾಯಿಯ ಮೇಲೂ ಹಿಂದಿನ ಹೆಣ್ಣುಮಕ್ಕಳು ಕಸೂತಿ ಹಾಕುತ್ತಿದ್ದರು. ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡರಲ್ಲಿ ಬಟ್ಟೆಯ ಮುಂಬದಿಯೂ ಹಿಂಬದಿಯೂ ಒಂದೇ ತರಹ ಕಾಣುತ್ತವೆ. ಚಿತ್ರವನ್ನು ಮೊದಲೇ ಗೆರೆ ಎಳೆದುಕೊಳ್ಳದೆ, ಬಟ್ಟೆಯ ನೂಲಿನ ಎಳೆಗಳನ್ನು ಕಣ್ಣಿನಲ್ಲೇ ಎಣಿಸುತ್ತ, ಎಲ್ಲಿಯೂ ಗಂಟು ಹಾಕದೆ, ಹೋದ ದಾರಿಯಲ್ಲೇ ಸೂಜಿಯನ್ನು ತಿರುಗಿ ತಂದು ಬಿಟ್ಟ ಜಾಗ ತುಂಬಬೇಕು. ನಮ್ಮ ಅಜ್ಜಿ ಯಾರ ಕಸೂತಿ ತೋರಿಸಿದರೂ ಮೊದಲು ಬಟ್ಟೆ ಮಗುಚಿ ಹಿಂಬದಿ ನೋಡುತ್ತಿದ್ದಳು. ಕೆಲಸಗಾರಿಕೆಯನ್ನು ಅಳೆಯುವ ಬಗೆ ಅದೆಂದು ನಾನು ಬಹಳ ಕಾಲ ತಿಳಿದಿದ್ದೆ. ಕುಲಾಯಿಯ ಒಳಬದಿ ಕೂಸಿನ ನೆತ್ತಿಗೆ ತಾಗುತ್ತದೆ, ಅಲ್ಲಿ ಒಂದು ಗಂಟಿದ್ದರೂ ಚುಚ್ಚುತ್ತದೆ ಎಂಬ ಸರಳ ಲೆಕ್ಕವೂ ಆ ನೋಟದಲ್ಲಿ ಇದ್ದಿರಬೇಕು. ಇನ್ನೂ ಹುಟ್ಟದ, ಮುಖ ಕಾಣದ ಒಂದು ಜೀವದ ನೆತ್ತಿಯನ್ನು ನೆನೆಯುತ್ತ ತಿಂಗಳುಗಟ್ಟಲೆ ಎಳೆ ಎಣಿಸಿದ ಹೆಂಗಸಿಗೆ ಆ ಕೂಸು ಬಂದಾಗ ಹೊಸಬನಾಗಿ ಕಂಡಿರಲಾರದು.

ನನಗೆ ಕಸೂತಿ ಬರುವುದಿಲ್ಲ. ಹಳೆಯ ತೊಟ್ಟಿಲು ಆಗಲೇ ಬಳಗದಲ್ಲಿತ್ತು. ತಂಗಿಯ ಮಗಳು ಬಸುರಿಯೆಂದು ತಿಳಿದಾಗ ಸೋದರಮಾವನಾಗಿ ನಾನು ಆರಿಸಿಕೊಂಡದ್ದು ಕೌದಿಯನ್ನು. ಉತ್ತರ ಕರ್ನಾಟಕದ ಮನೆಗಳಲ್ಲಿ ಬೆಳೆದವರಿಗೆ ಕೌದಿಯನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಕೈಹೊಲಿಗೆ ಹಾಕುತ್ತ ಬರುವ ಹೊದಿಕೆ ಅದು. ಹಾಸುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ. ಸಾಲುಗಳು ಒತ್ತೊತ್ತಾಗಿ ಬಂದಷ್ಟೂ ಕೌದಿ ಗಟ್ಟಿ. ಒಳಗಿನ ಹಳೆಯ ಬಟ್ಟೆ ಸರಿದಾಡಿ ಒಂದು ಕಡೆ ಗುಪ್ಪೆಯಾಗದಂತೆ ತಡೆಯುವುದು ಆ ಸಾಲುಗಳೇ.

ಕೌದಿ ಹೊಲಿಯುವ ಹೆಣ್ಣುಮಗಳೊಬ್ಬರ ಮನೆಗೆ ಹೋಗಿ, ಒಳ್ಳೆಯ ಹತ್ತಿ ಬಟ್ಟೆಯನ್ನು ಹುಬ್ಬಳ್ಳಿಯಿಂದಲೇ ತರುತ್ತೇನೆಂದು ಹೇಳಿದಾಗ ಅವರು ನಕ್ಕರು. “ಅಣ್ಣಾರ, ಹೊಸಾ ಅರಿವಿ ಹಾಕಿದ್ರ ಅದು ಕೌದಿ ಅನಿಸಂಗಿಲ್ರಿ. ಕೂಸಿನ ಮೈಗೆ ಚುಚ್ಚತೈತಿ. ಉಟ್ಟು, ಒಗದು, ಮೆತ್ತಗಾದ ಅರಿವಿ ತರ್ರಿ. ರೇಶಿಮಿ ಬ್ಯಾಡ, ಜಾರತೈತಿ.” ಇಷ್ಟು ಹೇಳಿ ಅವರು ಒಳಗೆ ಹೋದರು. ನನ್ನ ಕೆಲಸ ಅಲ್ಲಿಂದ ಶುರುವಾಯಿತು.

ಹಳೆಯ ಬಟ್ಟೆ ಕೂಡಿಸುವುದೆಂದರೆ ಬಳಗದ ಮನೆಗಳಿಗೆ ಒಂದೊಂದಾಗಿ ಫೋನು ಮಾಡುವುದು. ಅವ್ವನನ್ನು ಕೇಳಿದಾಗ, “ಹರದ ಸೀರಿ ಕೊಡಂತ ಯಾರರ ಕೇಳ್ತಾರೇನ?” ಎಂದು ಬೈದವಳು, ಎರಡು ದಿನ ಬಿಟ್ಟು ತಾನಾಗಿಯೇ ಫೋನು ಮಾಡಿ ಕಪಾಟಿನ ಕೆಳಗಿನ ಗಂಟು ಬಿಚ್ಚಿರುವುದಾಗಿ ತಿಳಿಸಿದಳು. ಆ ಗಂಟಿನಲ್ಲಿ ಅಜ್ಜಿಯ ಇಳಕಲ್ ಸೀರೆ ಇತ್ತು. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ, ತೋಪು ತೆನಿ ಎಂದು ಕರೆಯುವ ಇಳಕಲ್‌ನ ಆ ಜೋಡಣೆಯಲ್ಲಿ ಒಡಲು ಸವೆದು ಜಾಳಾದ ಮೇಲೂ ಸೆರಗು ಗಟ್ಟಿಯಾಗಿ ನಿಂತಿತ್ತು. ಸೆರಗನ್ನು ಅವ್ವ ಕೊಡಲಿಲ್ಲ, ನಾನು ಒತ್ತಾಯಿಸಲೂ ಇಲ್ಲ. ಒಡಲಿನ ಬಟ್ಟೆ ಮಾತ್ರ ನನ್ನ ಪಾಲಿಗೆ ಬಂದಿತು. ಅತ್ತೆಯೊಬ್ಬರು ತಮ್ಮ ಯಜಮಾನರ ಧೋತರ ಕಳಿಸಿದರು. ಕಾಕಾನ ಮನೆಯಿಂದ, ಬಸುರಿ ಹುಡುಗಿಯೇ ಚಿಕ್ಕವಳಿದ್ದಾಗ ಹಾಕಿದ್ದ ಹೂವಿನ ಫ್ರಾಕು ಬಂದಿತು. ಯಾಕೆ ಇಟ್ಟುಕೊಂಡಿದ್ದಿರಿ ಎಂದು ಕೇಳಿದರೆ ಕಾಕೂ ಉತ್ತರ ಕೊಡದೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದರು. ಒಂದೊಂದು ಬಟ್ಟೆಯ ಹಿಂದೆಯೂ ಒಂದೊಂದು ದೀರ್ಘ ಮಾತುಕತೆ ಇತ್ತು. ಯಾವ ಜಾತ್ರೆಯಲ್ಲಿ ಕೊಂಡದ್ದು, ಯಾವ ವರ್ಷದ ಬರಗಾಲದಲ್ಲಿ ಒಂದೇ ಸೀರೆಯಲ್ಲಿ ಹಬ್ಬ ಕಳೆದದ್ದು ಎಂಬುದನ್ನೆಲ್ಲ, ನಾನು ಬಟ್ಟೆ ಕೇಳದೇ ಇದ್ದಿದ್ದರೆ, ಅವರಾಗಿ ಎಂದೂ ಹೇಳುತ್ತಿರಲಿಲ್ಲ. ವರ್ಷಗಳಿಂದ ಹಬ್ಬದ ಶುಭಾಶಯದ ಚಿತ್ರ ಕಳಿಸುವುದಷ್ಟಕ್ಕೇ ನಿಂತಿದ್ದ ಎಷ್ಟೋ ಸಂಬಂಧಗಳಲ್ಲಿ ಹೀಗೆ ಮಾತು ತಿರುಗಿ ಹುಟ್ಟಿತು. ಅದು ಕೊಡುಗೆಯ ಯಾವ ಲೆಕ್ಕಕ್ಕೆ ಸೇರುತ್ತದೆಂದು ನಾನು ಹೇಳಲಾರೆ. ಪಡೆದವನಂತೂ ಮೊದಲು ನಾನೇ.

ಹೊಲಿಗೆ ನಡೆಯುವಾಗ ಒಂದೆರಡು ಸಲ ಹೋಗಿ ಕುಳಿತಿದ್ದೆ. ನೆಲದ ಮೇಲೆ ಹಾಸಿದ ಬಟ್ಟೆಯ ಎರಡು ಬದಿಗೆ ಇಬ್ಬರು ಕುಳಿತು ಸೂಜಿ ಹಾಕುತ್ತ ಒಳಗೆ ಬರುತ್ತಾರೆ. ಯಾವ ತುಂಡಿನ ಪಕ್ಕ ಯಾವ ತುಂಡು ಎಂಬುದಕ್ಕೆ ಅವರ ಬಳಿ ಕಾಗದದ ನಕ್ಷೆಯಿಲ್ಲ. ಒಂದು ತುಂಡನ್ನು ಇಟ್ಟು, ದೂರ ಸರಿದು ನೋಡಿ, ಒಪ್ಪದಿದ್ದರೆ ತೆಗೆದು ಬೇರೆ ಇಡುತ್ತಾರೆ. ಫ್ರಾಕಿನ ಹೂವು ಎಲ್ಲಿ ಬರಬೇಕು ಎಂದು ನನ್ನನ್ನು ಕೇಳಿದ್ದು ಬಹುಶಃ ಮರ್ಯಾದೆಗೆ. ನಾನು ತೋರಿಸಿದ ಜಾಗವನ್ನು ನೋಡಿ, ತಲೆಯಾಡಿಸಿ, ತಮಗೆ ಸರಿ ಕಂಡಲ್ಲೇ ಇಟ್ಟರು. ಅವರೇ ಸರಿ.

ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ಕೈಯಿಂದ ಮಾಡಿದ್ದು, ನೆನಪು ತುಂಬಿದ್ದು ಎಂಬ ಕಾರಣಕ್ಕೆ ಯಾವ ವಸ್ತುವೂ ತಾನಾಗಿ ಒಳ್ಳೆಯ ಕೊಡುಗೆಯಾಗುವುದಿಲ್ಲ. ಪಡೆದವರಿಗೆ ಬೇಡವಾದದ್ದನ್ನು ಭಾವನೆಯ ಭಾರ ಹೊರಿಸಿ ಕೊಟ್ಟರೆ ಅವರು ಅದನ್ನು ಬಳಸಲೂ ಆರರು, ಬಿಸಾಡಲೂ ಆರರು. ಫ್ರಾನ್ಸೆಸ್ಕಾ ಜಿನೋ ಮತ್ತು ಫ್ರಾಂಕ್ ಫ್ಲಿನ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಕೇಳಿದ್ದನ್ನು ತಂದರೂ ತಾವೇ ಯೋಚಿಸಿ ತಂದರೂ ಪಡೆಯುವವರು ಒಂದೇ ಸಮನಾಗಿ ಮೆಚ್ಚುತ್ತಾರೆಂದು ಕೊಡುವವರು ಭಾವಿಸುತ್ತಾರೆ. ಪಡೆಯುವವರಾದರೋ ತಾವು ಬಾಯಿಬಿಟ್ಟು ಕೇಳಿದ್ದನ್ನೇ ಕೊಟ್ಟವರನ್ನು ಹೆಚ್ಚು ಮೆಚ್ಚುತ್ತಾರೆ. ನಮ್ಮಲ್ಲಿ ಏನು ಬೇಕೆಂದು ಕೇಳುವುದೂ, ಇಂಥದ್ದು ಬೇಕೆಂದು ಹೇಳುವುದೂ ಎರಡೂ ಸಂಕೋಚದ ವಿಷಯಗಳೇ. ಆದ್ದರಿಂದಲೇ ಒಂದೇ ಮನೆಯ ಗೋಡೆಗೆ ನಾಲ್ಕು ಗಡಿಯಾರ, ಅಟ್ಟದ ಮೇಲೆ ಪೆಟ್ಟಿಗೆ ಬಿಚ್ಚದ ಡಿನ್ನರ್ ಸೆಟ್ಟು. ಅಚ್ಚರಿಗೊಳಿಸುವ ಆಸೆ ಬಹುಮಟ್ಟಿಗೆ ಕೊಡುವವರ ಸ್ವಂತದ್ದು ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ನಾನು ಕೇಳಿಯೇ ಹೊಲಿಸಿದೆ. “ಕೌದಿ ಬೇಕ್ರಿ ಮಾಮಾ, ಆದ್ರ ಅಮ್ಮನ ಮನ್ಯಾಗಿನಂಥಾ ಒಜ್ಜಿ ಕೌದಿ ಬ್ಯಾಡ, ವಾಷಿಂಗ್ ಮಷೀನ್‌ನಾಗ ಹಾಕಾಕ ಬರಬೇಕು” ಎಂದು ಅವಳು ಹೇಳಿದಳು. ದಸರಾಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಹೊತ್ತೊಯ್ದು ಒಗೆಯುತ್ತಿದ್ದ ಕಾಲದಲ್ಲಿ ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕಾಗುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹಳ್ಳವೆಲ್ಲಿಯದು? ಪದರ ಕಡಿಮೆ ಮಾಡಿಸಿ, ಅಳತೆ ಕಿರಿದು ಮಾಡಿಸಿದೆವು. ಪದ್ಧತಿಯಂತೆ ಆಗಲಿಲ್ಲವೆಂದು ಗೊಣಗಿದವರಿದ್ದರು. ಬಟ್ಟೆ ದಿನಕ್ಕೆರಡು ಸಲ ಹಾಲು ಕಕ್ಕುವ ಕೂಸಿನ ಕೆಳಗೆ ಹಾಸುವುದಕ್ಕೆ ಎಂಬುದನ್ನು ಅವರು ಮರೆತಿದ್ದರು.

ಹಿರಿಯರಿಗೆ ಕೊಡುವುದು ಇದಕ್ಕಿಂತ ಕಷ್ಟ. ನಮ್ಮ ತಲೆಮಾರಿನವರ ತಂದೆ ತಾಯಿಗಳಲ್ಲಿ ಬಹಳ ಜನ ಹೊಸ ವಸ್ತುವನ್ನು ಕಂಡೊಡನೆ ಬೆಲೆ ಕೇಳಿ, “ಸುಮ್ಮನ ರೊಕ್ಕ ದಂಡ” ಎಂದು ಹೇಳಿ, ಶಾಲನ್ನಾಗಲಿ ಸ್ವೆಟರನ್ನಾಗಲಿ ಟ್ರಂಕಿಗೆ ಸೇರಿಸುವವರು. ಅಪ್ಪನಿಗೆ ನಾನು ತಂದ ಯಾವ ಹೊಸ ವಸ್ತುವೂ ಟ್ರಂಕನ್ನು ದಾಟಿ ಹೊರಗೆ ಬರಲಿಲ್ಲ. ಆದರೆ ಅವರ ಬಳಿ ಕೆಟ್ಟು ನಿಂತ ಒಂದು ಎಚ್‌ಎಂಟಿ ಗಡಿಯಾರ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಆ ಕೈಗಡಿಯಾರಗಳು ಮುಂದಿನ ಎರಡು ಮೂರು ದಶಕ ಈ ದೇಶದ ಮಧ್ಯಮವರ್ಗದ ಬಹುದೊಡ್ಡ ಉಡುಗೊರೆಯಾಗಿದ್ದವು. ಪರೀಕ್ಷೆ ಪಾಸಾದ ಮಗನಿಗೆ, ಮದುಮಗನಾದ ಅಳಿಯನಿಗೆ, ನಿವೃತ್ತನಾಗುವ ಗುಮಾಸ್ತನಿಗೆ ಎಲ್ಲರಿಗೂ ಅದೇ. ಅಪ್ಪನಿಗೆ ಅದನ್ನು ಕೊಟ್ಟವರು ಅವರ ಸೋದರಮಾವ, ಮೊದಲ ನೌಕರಿ ಸಿಕ್ಕಾಗ. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು; ಬಿಡಿಭಾಗ ಹುಡುಕಿ ಕೂಡಿಸಬಲ್ಲ ಹಳೆಯ ಕೈಗಳು ಮಾತ್ರ ಊರುಗಳ ಸಣ್ಣ ಅಂಗಡಿಗಳಲ್ಲಿ ಇನ್ನೂ ಇವೆ. ಅಂಥ ಒಬ್ಬರ ಬಳಿ ಅದನ್ನು ಬಿಟ್ಟು, ಅವರು ಹೇಳಿದಾಗಲೆಲ್ಲ ಹೋಗಿ, ‘ಇನ್ನೊಂದು ವಾರ’ ಎಂಬ ಮಾತನ್ನು ಎಷ್ಟೋ ಸಲ ಕೇಳಿ, ಕಡೆಗೊಮ್ಮೆ ಟಿಕ್ ಎನ್ನುವ ಗಡಿಯಾರವನ್ನು ತಂದು ಅಪ್ಪನ ಮುಂದಿಟ್ಟೆ. ಅವರು ಬೆಲೆ ಕೇಳಲಿಲ್ಲ. ಕಿವಿಗೆ ಹಿಡಿದು ನೋಡಿ, ಕೀಲಿ ತಿರುಗಿಸಿ, ಕಟ್ಟಿಕೊಂಡು ಸಂತೆಗೆ ಹೋದರು. ಈಗ ದಿನಾ ಬೆಳಿಗ್ಗೆ ಸ್ನಾನದ ನಂತರ ಅದಕ್ಕೆ ಕೀಲಿ ಕೊಡುತ್ತಾರೆ. ಅದನ್ನು ನಾನು ರಿಪೇರಿ ಮಾಡಿಸಿದ್ದೆಂಬುದು ಅವರಿಗೆ ಬಹುಶಃ ಮರೆತಿದೆ. ಬಂದವರಿಗೆಲ್ಲ ಸೋದರಮಾವನ ಕಥೆಯನ್ನೇ ಹೇಳುತ್ತಾರೆ. ಮಾವನ ಉಡುಗೊರೆ ಹಾಗೆ ತಿರುಗಿ ಕೈಗೆ ಬಂದುದರಲ್ಲಿ ನನಗೆ ಸಿಕ್ಕ ಸುಖ, ನನ್ನದೇ ಒಂದು ವಸ್ತುವನ್ನು ಅವರು ಮೆಚ್ಚಿದ್ದರೆ ಸಿಗುತ್ತಿದ್ದುದಕ್ಕಿಂತ ಕಡಿಮೆಯದಲ್ಲ.

ಹಣ ಕೊಡುವುದನ್ನು ಅರ್ಥವಿಲ್ಲದ ಉಡುಗೊರೆಯೆಂದು ತಳ್ಳಿಹಾಕುವವರ ಜೊತೆಗೂ ನಾನು ನಿಲ್ಲಲಾರೆ. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ. ತಿರುಗಿ ಹೊರಡುವಾಗ ಎಳ್ಳಿನುಂಡಿ, ಶೇಂಗಾದುಂಡಿ ತುಂಬಿದ ಡಬ್ಬಿಯ ಜೊತೆಗೆ ಅವ್ವ ಅಡುಗೆಮನೆಯಲ್ಲಿ ಯಾರೂ ನೋಡದಂತೆ ಮಗಳ ಮುಷ್ಟಿಯೊಳಗೆ ಮಡಚಿದ ನೋಟನ್ನು ಇಡುತ್ತಾಳೆ. ಮೈಸೂರು ಕಡೆಯ ಗೆಳೆಯರ ಮನೆಗಳಲ್ಲಿ ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಅರಿಶಿನ ಕುಂಕುಮಕ್ಕೆಂದು ಮನಿಯಾರ್ಡರ್ ಕಳಿಸುತ್ತಿದ್ದರು. ಈಗ ಫೋನಿನಲ್ಲಿಯೇ ಕಳಿಸುತ್ತಾರೆ. ಗಂಡನನ್ನೂ ಅತ್ತೆಯನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಬಹಳ ಹೆಂಗಸರಿಗೆ ವರ್ಷದಲ್ಲಿ ಅದೊಂದೇ ಆಗಿತ್ತು. ಸೀರೆಯನ್ನು ಆರಿಸಿ ಕೊಟ್ಟಿದ್ದರೆ ಆ ಸ್ವಾತಂತ್ರ್ಯವನ್ನು ಕೊಟ್ಟಂತಾಗುತ್ತಿರಲಿಲ್ಲ.

ಕೌದಿಯನ್ನು ನೋಡಿದವರು ನನ್ನನ್ನು ಈಗ ಕೇಳುವುದು ಎರಡೇ ಪ್ರಶ್ನೆ, ಎಷ್ಟಾಯಿತು ಮತ್ತು ಎಲ್ಲಿ ಹೊಲಿಯುತ್ತಾರೆ ಎಂಬುದು. ಮೊದಲನೆಯದಕ್ಕೆ, ಬಟ್ಟೆ ನಿಮ್ಮದೇ ಆದ್ದರಿಂದ ಕೊಡಬೇಕಾದದ್ದು ದಾರದ ಹಣ ಮತ್ತು ಆ ಹೆಣ್ಣುಮಕ್ಕಳು ಕುಳಿತು ಹೊಲಿದಷ್ಟು ದಿನಗಳ ಕೂಲಿ, ಅದರಲ್ಲಿ ಚೌಕಾಸಿ ಬೇಡ ಎಂದು ಹೇಳುತ್ತೇನೆ. ನೆನಪಿನ ವಸ್ತು, ಪ್ರೀತಿಯ ವಸ್ತು ಎಂದು ಬಾಯಿತುಂಬ ಹೇಳಿ, ಅದನ್ನು ಮಾಡುವವರ ಬಳಿ ನೂರು ರೂಪಾಯಿಗೆ ಜಗ್ಗಾಡುವವರನ್ನು ನಾನು ಕಂಡಿದ್ದೇನೆ. ಎರಡನೆಯದಕ್ಕೆ, ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಪರಿಚಯದವರ ಮೂಲಕ ವಿಚಾರಿಸಿದರೆ ಹೊಲಿಯುವವರು ಇನ್ನೂ ಸಿಗುತ್ತಾರೆ. ಯುಗಾದಿಗೆ ಮೊದಲೇ ಹೇಳಿಡಬೇಕು. ಬೇಸಿಗೆಯಲ್ಲಿ ಅವರಿಗೆ ಬಿಡುವಿರುತ್ತದೆ. ಮಳೆ ಹಿಡಿದು ಬಿತ್ತನೆ ಶುರುವಾಯಿತೆಂದರೆ ಹೊಲದ ಕೆಲಸ ಬಿಟ್ಟು ಕೌದಿಗೆ ಕೂರುವವರು ಯಾರೂ ಇಲ್ಲ, ಕೂರಿ ಎಂದು ಕೇಳುವುದೂ ಸರಿಯಲ್ಲ.